ಸರೋಜಕ್ಕನ ಬಿಳಿ ಡಬ್ಬಿ

ಯಾರೇ ಎದುರಿಗೆ ಬರಲಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡುವುದು ಸರೋಜಕ್ಕನ ಚಾಳಿ. ಒಮ್ಮೆ ರಾಮನಗರದ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಂದ ಕಂಡಕ್ಟರಿಗೂ ಹಾಗೇ ಮಾಡಿ, "ಒಳ್ಳೆ ಮುಖನ ಬಿಸ್ಲಿಗೆ ಹಾಳ್ಮಾಡ್ಕೊಂಡ್ಬುಟ್ಟಲ್ಲಪ್ಪ" ಎಂದು ಮರುಗಿದ್ದಳು. ಬಸ್ಸೆಲ್ಲ ನಕ್ಕಿತ್ತು.

ಚನ್ನಪಟ್ಟಣದಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವಳ ಬ್ಯೂಟಿ ಪಾರ್ಲರಿಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಕಟ್ಟಿದ ಪಾರ್ಲರು. ನನಗೆ ಅಂಗಡಿ ಹಾಕುವ ಧೈರ್ಯ ತುಂಬಿದವಳೂ ಅವಳೇ. "ಮುಖ ಅನ್ನೋದು ಮನೆ ಮುಂದ್ಲ ಅಂಗ್ಳ ಇದ್ದಂಗೆ ಕಣವ್ವ, ದಿನಾ ಗುಡಿಸಿ ಸಾರಿಸ್ಬೇಕು" ಎನ್ನುತ್ತಿದ್ದಳು.

ಮದುವೆ ಹೆಣ್ಣುಗಳೆಲ್ಲ ಅವಳ ಬಿಳಿ ಡಬ್ಬಿಗಾಗಿ ಬರುತ್ತಿದ್ದರು. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬಾತ ತಂದುಕೊಡುತ್ತಿದ್ದ, ಮುಖ ಬೆಳ್ಳಗಾಗಿಸುವ ಕ್ರೀಮು. ಮುಚ್ಚಳದ ಮೇಲೊಂದು ಗುಲಾಬಿ ಚಿತ್ರ, ಅಷ್ಟೆ. ಯಾರು ಮಾಡಿದ್ದು, ಒಳಗೇನಿದೆ, ಒಂದಕ್ಷರವೂ ಇಲ್ಲ. "ಮೊದ್ಲು ನನ್ನ ಮುಖ, ಆಮೇಲೆ ಊರವರ ಮುಖ" ಎಂದು ವರ್ಷಗಟ್ಟಲೆ ತಾನೇ ಹಚ್ಚಿಕೊಂಡಳು. ಕುತ್ತಿಗೆಗೆ ಸಂಬಂಧವೇ ಇಲ್ಲದಂತೆ ಅವಳ ಮುಖ ಬೆಳ್ಳಗಾಯಿತು. ನನಗೆ ಹಚ್ಚಿದೊಡನೆ ಉರಿ ಬಂತು, ಬಿಟ್ಟುಬಿಟ್ಟೆ.

ಆಮೇಲಾಮೇಲೆ ಅವಳ ಕಾಲಿಗೆ ಚಪ್ಪಲಿ ಹಿಡಿಯದಾಯಿತು. ಬೆಳಗ್ಗೆ ಕಣ್ಣಿನ ಕೆಳಗೆ ಬಾವು. ಕೇಳಿದರೆ, "ನಿಂತೂ ನಿಂತೂ ಹಿಂಗಾಗೈತೆ ಬುಡು" ಎನ್ನುತ್ತಿದ್ದಳು.

ಒಂದು ದಿನ ಮಾಗಡಿಯ ಕಲ್ಯದಿಂದ ಅದೇ ಕ್ರೀಮು ಹಚ್ಚುತ್ತಿದ್ದ ಲತಾ ಎಂಬ ಮದುಮಗಳು ರವಿಕೆಗೆಂದು ನನ್ನ ಅಂಗಡಿಗೆ ಬಂದಳು. ನಾನೇ ಅಳತೆ ತೆಗೆದು ಹೊಲಿದಿದ್ದ ರವಿಕೆ. ತೋಳು ಏರಲೇ ಇಲ್ಲ. ಸರೋಜಕ್ಕ ನೋಡುತ್ತಾ ನಿಂತಿದ್ದಳು. ಏನನ್ನಿಸಿತೋ, ಬಗ್ಗಿ ಹುಡುಗಿಯ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಮೆಲ್ಲಗೆ ಸೀರೆ ಸರಿಸಿ ತನ್ನ ಕಾಲನ್ನೂ ಒತ್ತಿ ನೋಡಿಕೊಂಡಳು. ಅದೇ ಗುಳಿ. ಮರುದಿನವೇ ಇಬ್ಬರನ್ನೂ ಕರೆದುಕೊಂಡು ರೈಲು ಹತ್ತಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಏನೇನು ಹಾಕಿದಾರಮ್ಮ ಇದರಲ್ಲಿ?"

"ಬರ್ದಿಲ್ವಲ್ಲ ಸಾರ್" ಎಂದಳು ಸರೋಜಕ್ಕ.

ಪರೀಕ್ಷೆಗೆ ಕಳಿಸಿದಾಗ ಬಂದದ್ದು ಪಾದರಸ. ಅದು ಚರ್ಮದೊಳಗೆ ಇಳಿದು ಇಬ್ಬರ ಮೂತ್ರಪಿಂಡವನ್ನೂ ಕೆಡಿಸಿತ್ತು. ಕ್ರೀಮು ತರುತ್ತಿದ್ದವನ ಫೋನು ಅಂದಿನಿಂದ ಸ್ವಿಚ್ ಆಫ್.

ಲತಾಳ ಮದುವೆ ಮುಂದಕ್ಕೆ ಹೋಯಿತು. ಕ್ರೀಮು ಬಿಟ್ಟ ಮೇಲೆ ನಿಧಾನವಾಗಿ ಚೇತರಿಸಿಕೊಂಡಳು. ಮಲಗಿರಬೇಕಾದ ಸರೋಜಕ್ಕ ಮಾತ್ರ ಬ್ಯಾಗು ಹಿಡಿದು, ಕೊಟ್ಟ ಡಬ್ಬಿಗಳನ್ನು ವಾಪಸು ಕೇಳುತ್ತಾ ಊರೂರು ಹೊರಟಳು. ಕನಕಪುರದ ದೊಡ್ಡಆಲಹಳ್ಳಿಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲೊಬ್ಬಾಕೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನೀನು ಬೆಳ್ಳಗಾದೆ. ನಾವು ಆಗ್ಬಾರ್ದಾ?"

"ವಿಷ ಕಣವ್ವ ಅದು. ನನ್ ಕಾಲು ನೋಡು."

"ವಯಸ್ಸಾದ್ರೆ ಎಲ್ರ ಕಾಲೂ ಊದ್ಕೊತದೆ" ಎಂದು ಆಕೆ ಬಾಗಿಲು ಹಾಕಿಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ಸರೋಜಕ್ಕ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ತಿರುಗಿಸಿ ನೋಡಿದಳು. "ಉಪ್ಪಿನ್‌ಕಾಯಿ ಬಾಟ್ಲಿ ಮೇಲೂ ಒಳ್ಗೇನೈತೆ ಅಂತ ಬರ್ದಿರ್ತಾರೆ. ಇದ್ರ ಮೇಲೆ ಯಾಕಿಲ್ಲ ಅಂತ ನಾನು ಕೇಳ್ಬೇಕಿತ್ತು. ಕೇಳಾಕೆ ಅಧಿಕಾರಿಗಳೂ ಬರ್ಲಿಲ್ಲ ಕಣೆ" ಎಂದಳು. ನನಗೆ ಸಿಕ್ಕ ಅವಳ ಕೊನೆಯ ಮಾತು ಅದು. ಮರುದಿನ ಬೆಳಗ್ಗೆ ಅವಳಿಗೆ ಉಸಿರು ಕಟ್ಟಿತು. ಮೂತ್ರಪಿಂಡ ಕೆಟ್ಟಿದ್ದರಿಂದ ಊದಿದ ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಅಧಿಕಾರಿಗಳು ಆಮೇಲೆ ಜೀಪಿನಲ್ಲಿ ಬಂದು, ಪಾರ್ಲರಿಗೆ ಬೀಗ ಜಡಿದು ಮೊಹರು ಹಾಕಿ ಹೋದರು.

ತಿಥಿ ಕಳೆದು ನಾನು ಅಂಗಡಿ ತೆಗೆದ ದಿನ ಮಧ್ಯವಯಸ್ಸಿನ ಹೆಂಗಸೊಬ್ಬಳು ಮೆಟ್ಟಿಲ ಬಳಿ ನಿಂತಳು. ಹಿಂದೆ ತಲೆ ತಗ್ಗಿಸಿಕೊಂಡು ಅವಳ ಮಗಳು. "ಪಕ್ಕದ ಅಂಗ್ಡಿ ಯಾವಾಗ ತೆಗೀತಾರಕ್ಕ?"

ಎಲ್ಲವನ್ನೂ ಹೇಳಿದೆ. ಪಾದರಸ, ಕಾಲು, ಸಾವು. ಆಕೆ ಕೆನ್ನೆಗೆ ಕೈಯಿಟ್ಟು ಕೇಳಿಸಿಕೊಂಡಳು, ಕಣ್ಣೊರೆಸಿಕೊಂಡಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು.

"ಮುಂದಿನ್ ತಿಂಗ್ಳು ಇವ್ಳ ಮದ್ವೆ. ನಿಮ್ತಾವ ಆ ಡಬ್ಬಿ ಒಂದಾದ್ರೂ ಉಳ್ದಿದ್ರೆ..."