ಕುಂಕುಮದ ಕೈ

ಅವರ ಬಲಗೈ ಹೆಬ್ಬೆರಳಿನ ಉಗುರು ಸವೆದು ಚಪ್ಪಟೆಯಾಗಿತ್ತು. ಅದರ ಅಂಚಿನಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟು. ಐವತ್ತು ವರ್ಷ ಕಾಗದದ ಮಡಿಕೆಗಳನ್ನು ಒತ್ತಿ ಒತ್ತಿ ಹಾಗಾಗಿತ್ತು. ಡಚ್ಚರ ಊರಾದ ಲೈಡನ್ನಿನಲ್ಲಿ ನಮ್ಮ ಮನೆಯ ಕೆಳಗೇ ಅವರ ಬೈಂಡಿಂಗ್ ಅಂಗಡಿ. ಎದುರಿಗೆ ಅಲ್ಲಿಯವರಂತೆ ‘ಮೆನೇರ್’, ಅಂದರೆ ‘ಯಜಮಾನರೇ’, ಎನ್ನುತ್ತಿದ್ದೆ. ಮನೆಯೊಳಗೆ ನನಗೂ ನನ್ನ ಗಂಡನಿಗೂ ಅವರು ಬೈಂಡರ್ ತಾತ.

ತೊಂಬತ್ತರ ದಶಕದ ಕೊನೆಯ ಮಾತು. ಗಂಡ ಸೈಕಲ್ ಹತ್ತಿ ಲ್ಯಾಬಿಗೆ ಹೋದರೆ, ಕೆಲಸದ ಪರವಾನಗಿಯಿಲ್ಲದ ನಾನು ಕಿಟಕಿ ಕಾಯುತ್ತಿದ್ದೆ. ಒಂದು ದಿನ ತಾತ ಕಾಯಿಸುತ್ತಿದ್ದ ಅಂಟು ಗಂಟುಗಂಟಾದದ್ದನ್ನು ನೋಡಲಾರದೆ ಸೌಟು ಕಿತ್ತುಕೊಂಡೆ. ರಾಗಿ ಅಂಬಲಿ ಕಾಯಿಸಿದ ಕೈಗೆ ಮೈದಾ ಯಾವ ಲೆಕ್ಕ? ಅಂದಿನಿಂದ ಅಂಟು ನನ್ನ ಪಾಲಿಗೆ, ನನಗೆ ಪುಸ್ತಕದ ಹೊಲಿಗೆ ಕಲಿಸುವ ಕಷ್ಟ ಅವರ ಪಾಲಿಗೆ. ಹೊಲಿಗೆ ಸೊಟ್ಟಾದರೆ ಸೂಜಿಯನ್ನು ಬೈಯುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು. ಅವರು ನಗುತ್ತಲೇ ಬಿಚ್ಚಿ ಕೊಡುತ್ತಿದ್ದರು.

ಹಳೆಯ ಪುಸ್ತಕಗಳ ಬೆನ್ನಿನ ಉಬ್ಬುಗೆರೆಗಳು ಅಲಂಕಾರವಲ್ಲ, ಹಾಳೆಗಳನ್ನು ಹಿಡಿದ ಹುರಿಗಳು ಎಂದು ಹೇಳಿಕೊಟ್ಟವರು ಅವರೇ. ಮುಂದಿನ ಕಾಲದವರು ಹುರಿಯಿಲ್ಲದೆ ರಟ್ಟಿನ ಚೂರು ಅಂಟಿಸಿ ಉಬ್ಬು ತೋರಿಸತೊಡಗಿದರಂತೆ. “ಬೆನ್ನ ಮೇಲೇ ಸುಳ್ಳು!” ಎಂದು ಮೂಗು ಮುರಿಯುತ್ತಿದ್ದರು.

ಆ ಹೊತ್ತಿಗೆ ಅವರ ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ಗಿರಾಕಿ ಬಂದರೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗೊತ್ತಾದರೆ ಹಳೆಯ ಪುಸ್ತಕವನ್ನು ಯಾರು ನಂಬಿ ಕೊಡುತ್ತಾರೆ?

ಆಯುಧಪೂಜೆಯ ದಿನ ಬೇಗ ಹೋಗಿ ಪುಸ್ತಕ ಒತ್ತುವ ಅವರ ಕಬ್ಬಿಣದ ಪ್ರೆಸ್ಸಿಗೆ ಅರಿಶಿನ ಕುಂಕುಮ ಹಚ್ಚಿದೆ. ಅದೇ ಒದ್ದೆ ಕೈಯಲ್ಲಿ ಮೇಜಿನ ಮೇಲಿದ್ದ ಪುಸ್ತಕವನ್ನು ಸರಿಸಿದೆ. ನಿವೃತ್ತ ಶಿಕ್ಷಕಿಯೊಬ್ಬರ ತಂದೆಯ ಪುಸ್ತಕ; ತಾತ ಮೂರು ವಾರ ಕೂತು ಬಿಳಿ ತೊಗಲು ಹೊದಿಸಿದ್ದರು. ಯಾವ ಪ್ರಾಣಿಯದೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅದರ ಮೇಲೆ ಕೆಂಪು ಕಲೆ. ಒರೆಸಿದಷ್ಟೂ ಹರಡಿತು.

ತಾತ ಬಂದು ನೋಡಿದರು. ನಾನು ಬಾಯಿ ಬಿಡುವಷ್ಟರಲ್ಲಿ ಆ ಶಿಕ್ಷಕಿಯೂ ಒಳಗೆ ಬಂದರು.

“ಇದೇನಿದು?”

“ನನ್ನ ಕೈ ನಡುಗ್ತು. ಬಣ್ಣ ಚೆಲ್ತು,” ಎಂದರು ತಾತ. ಜೇಬಿನಿಂದ ಕೈ ತೆಗೆದು ತೋರಿಸಿದರು ಕೂಡ. ನಾನು ನನ್ನ ಕೆಂಪು ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ.

ಆಕೆ ಹೋದ ಮೇಲೆ ನನ್ನ ತಲೆ ಸವರಿದರು. “ಅಳಬೇಡ. ತೊಗಲು ಬಿಚ್ಚಿ ಬೇರೆ ಹೊದಿಸಿದ್ರಾಯ್ತು. ನೀನು ಪರವಾನಗಿ ಇಲ್ದೆ ಇಲ್ಲಿ ಕೆಲಸ ಮಾಡೋದು ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?”

ಸುದ್ದಿ ಹರಡಿತು. ತಾತನ ಕೈ ಹೋಯಿತಂತೆ ಎಂದರು. ಹಳೆಯ ಪುಸ್ತಕಗಳು ಬರುವುದು ನಿಂತು, ಶಾಲೆಯ ಹಾಜರಿ ಪುಸ್ತಕಗಳಷ್ಟೇ ಉಳಿದವು. ಅವನ್ನೂ ಅವರು ಅಷ್ಟೇ ಪ್ರೀತಿಯಿಂದ ಹೊಲಿಯುತ್ತಿದ್ದರು.

“ಹೋಗಿ ನಿಜ ಹೇಳ್ಬಿಡೇ,” ಎನ್ನುತ್ತಿದ್ದ ಗಂಡ.

“ನಾಳೆ ಹೇಳ್ತೀನಿ ಕಣೋ.”

ಅದಾದ ಮೂರನೆಯ ಚಳಿಗಾಲದಲ್ಲಿ ತಾತ ಹೋದರು. ಮಣ್ಣು ಮಾಡಿ ಬಂದು ಎಲ್ಲರೂ ಕಾಫಿ ಕುಡಿಯುವಾಗ ಆ ಶಿಕ್ಷಕಿ ಯಾರಿಗೋ ಹೇಳುತ್ತಿದ್ದರು: “ಪಾಪ, ಕೊನೆಗೆ ಕೈ ಕೆಟ್ಟಿತ್ತು. ನಮ್ಮಪ್ಪನ ಪುಸ್ತಕದ ಮೇಲೂ ಬಣ್ಣ ಚೆಲ್ಲಿದ್ರು.”

ಕಪ್ಪು ಕೆಳಗಿಟ್ಟೆ. ನನ್ನ ಹರಕುಮುರುಕು ಡಚ್ಚಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವರು ಚೆಲ್ಲಿಲ್ಲ. ಆ ಕೈ ನಂದು.”

ಆಕೆ ನನ್ನ ಕಡೆ ತಿರುಗಿದರು. “ಅವರು ಇದ್ದಾಗ ಯಾಕೆ ಹೇಳ್ಲಿಲ್ಲ?”

ಪರವಾನಗಿ ಇರಲಿಲ್ಲ, ಹೆದರಿದ್ದೆ ಎಂದೆ. ಪರವಾನಗಿ ನನ್ನ ಕೈಗೆ ಬಂದು ಆಗಲೇ ಒಂದು ವರ್ಷವಾಗಿತ್ತು.