ಡಯಾಲಿಸಿಸ್ ಬಾಗಿಲ ರಾಮಲಕ್ಷ್ಮಮ್ಮ

ತಿಪಟೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ ರಾಮಲಕ್ಷ್ಮಮ್ಮನಿಗೆ ಕೊಟ್ಟಿದ್ದ ಕೆಲಸ ಡಯಾಲಿಸಿಸ್ ವಾರ್ಡಿನ ನೆಲ ಒರೆಸುವುದು. ಹನ್ನೊಂದು ವರ್ಷ ಅವಳು ಮಾಡಿದ್ದು ಬಾಗಿಲಲ್ಲಿ ನಿಂತು, ಕದ್ದು ಒಳಗೆ ತರುವ ಎಳನೀರು ಹಿಡಿಯುವುದು. ಕಿಡ್ನಿ ಕೆಟ್ಟವರು ಎಳನೀರು ಕುಡಿದರೆ ಎದೆಬಡಿತವೇ ನಿಂತುಹೋಗಬಹುದು ಎಂದು ಡಾಕ್ಟರು ಎಷ್ಟು ಬಡಕೊಂಡರೂ ಈ ಸೀಮೆಯ ನೆಂಟರ ತಲೆಗೆ ಹೋಗುತ್ತಿರಲಿಲ್ಲ. ಕಾಯಿಲೆಯವರನ್ನು ನೋಡಲು ಬರಿಗೈಲಿ ಬರುವುದುಂಟೆ? ಹೊನ್ನವಳ್ಳಿಯವರು ನೀರಿನ ಬಾಟಲಿಯಲ್ಲಿ ತುಂಬಿ ತರುತ್ತಿದ್ದರು, ದಂಡಿನಶಿವರದವರು ಕಾಫಿ ಫ್ಲಾಸ್ಕಿನಲ್ಲಿ. ರಾಮಲಕ್ಷ್ಮಮ್ಮ ಮುಚ್ಚಳ ತೆಗೆದು ಮೂಸಿ, ಅವರೆದುರೇ ಸಿಂಕಿಗೆ ಸುರಿದು, ಬೈಸಿಕೊಳ್ಳುತ್ತಿದ್ದಳು.

ಹೊಸ ಮ್ಯಾನೇಜರ್ ಜ್ಞಾನೇಶ್ ಬಂದವರೇ ಆ ಬೈಗುಳಗಳನ್ನೆಲ್ಲ ದೂರುಗಳೆಂದು ಫೈಲಿಗೆ ಹಾಕಿದರು. ಆಸ್ಪತ್ರೆ ಕಲಿಯಬೇಕು ಎನ್ನುವುದು ಅವರ ಮಂತ್ರ. ಅದಕ್ಕೊಂದು ಕಲಿಕಾ ಸಮಿತಿ, ಪ್ರತಿ ಗುರುವಾರ ಸಭೆ, ಸಭೆಗೆ ಖಾರಾಬೂಂದಿ. ಮೂರು ಗುರುವಾರ ತಲೆ ಕೆಡಿಸಿಕೊಂಡು ಸಮಿತಿ ಕಲಿತದ್ದಿಷ್ಟು: ಎಲ್ಲ ದೂರಿಗೂ ಮೂಲ ರಾಮಲಕ್ಷ್ಮಮ್ಮ. ಅವಳನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿ, ಬಾಗಿಲಿಗೆ ಎಳನೀರು ತರಬಾರದೆಂಬ ಇಂಗ್ಲಿಷಿನ ಬೋರ್ಡೊಂದನ್ನು ತೂಗುಹಾಕಿದರು.

"ಬೋರ್ಡು ಮೂಸಿ ನೋಡ್ತದಾ ಸಾ?" ಎಂದಳು ರಾಮಲಕ್ಷ್ಮಮ್ಮ.

"ಸಿಸ್ಟಮ್ ನೋಡ್ಕೊಳ್ಳುತ್ತೆ ಕಣಮ್ಮ, ನೀನು ಹೋಗು," ಎಂದರು ಜ್ಞಾನೇಶ್.

ದೂರುಗಳು ನಿಂತವು. ಆ ಸಂತೋಷಕ್ಕೆ ಎಲ್ಲ ವಾರ್ಡಿನ ರೋಗಿಗಳಿಗೂ ಆಸ್ಪತ್ರೆಯ ವತಿಯಿಂದಲೇ ಎಳನೀರು ಹಂಚಬೇಕೆಂದು ಸಮಿತಿ ಠರಾವು ಮಾಡಿತು. ಡಯಾಲಿಸಿಸ್‌ನೋರಿಗೆ ಬೇಡ ಸಾರ್ ಎಂದ ನರ್ಸಿಗೆ ಠರಾವಿನಲ್ಲಿದ್ದ 'ಎಲ್ಲ' ಎಂಬ ಪದವನ್ನು ಬೆರಳಿಟ್ಟು ತೋರಿಸಲಾಯಿತು.

ಒಗೆದ ಬೆಡ್‌ಶೀಟು ಹೊತ್ತು ಬರುತ್ತಿದ್ದ ರಾಮಲಕ್ಷ್ಮಮ್ಮನಿಗೆ ಕಾರಿಡಾರಿನಲ್ಲಿ ಎಳನೀರು ಬುರುಡೆಗಳ ರಾಶಿ ಕಂಡಿತು. ಬೆಡ್‌ಶೀಟು ಬಿಸಾಕಿ ಓಡಿದಳು. ಡಯಾಲಿಸಿಸ್ ವಾರ್ಡಿನಲ್ಲಿ ಹಂದನಕೆರೆಯ ಹುಚ್ಚರಂಗಯ್ಯ ಸ್ಟ್ರಾ ಬಾಯಿಗಿಟ್ಟಿದ್ದ. ಪಕ್ಕದಲ್ಲಿ ಜ್ಞಾನೇಶ್ ಫೋಟೋಗೆ ನಗುತ್ತಿದ್ದರು. ಅವಳು ಬುರುಡೆ ಕಿತ್ತುಕೊಂಡಳು.

"ಒಂದೇ ಗುಟುಕು ಬುಡವ್ವ," ಎಂದು ಹುಚ್ಚರಂಗಯ್ಯ ಗೋಗರೆದ.

"ಸತ್ತೋಯ್ತೀಯ ಕಣಪ್ಪ, ಸುಮ್ಕಿರು." ಉಳಿದ ಐದು ಹಾಸಿಗೆಗಳ ಬುರುಡೆಗಳನ್ನೂ ಕಿತ್ತು ಸಿಂಕಿಗೆ ಸುರಿದಳು. ಯಾರಿಗೂ ಏನೂ ಆಗಲಿಲ್ಲ.

ಗುರುವಾರದ ವರದಿಯಲ್ಲಿ, ಅಪಾಯವನ್ನು ನಮ್ಮ ಸಿಸ್ಟಮ್ ಸಕಾಲದಲ್ಲಿ ತಡೆಯಿತು ಎಂದು ಬರೆದುಕೊಂಡರು. ಕೆಲಸದ ಜಾಗ ಬಿಟ್ಟು ಓಡಿದ್ದಕ್ಕೆ ರಾಮಲಕ್ಷ್ಮಮ್ಮನಿಗೆ ನೋಟಿಸು ಕೊಟ್ಟರು. ಇನ್ನೊಮ್ಮೆ ಡಯಾಲಿಸಿಸ್ ಕಡೆ ಕಾಲಿಟ್ಟರೆ ಕೆಲಸ ಹೋಯಿತೆಂದೇ ತಿಳಿ ಎಂದರು ಜ್ಞಾನೇಶ್. ಐವತ್ತಾರರ ವಯಸ್ಸಿನಲ್ಲಿ ಈ ಕೆಲಸ ಹೋದರೆ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನೋಟಿಸಿಗೆ ಸಹಿ ಹಾಕಿದಳು.

"ಕೆಲ್ಸದಿಂದ ತೆಗ್ಯೋ ದಿನ ಕರೀರಿ ಸಾ, ಬತ್ತೀನಿ," ಎಂದಳು. "ಅಲ್ಲೀಗಂಟ ಡಯಾಲಿಸಿಸ್ ಬಾಗ್ಲಲ್ಲೇ ಇರ್ತೀನಿ."