ಅಕ್ಕನ ಆರತಿ, ನನ್ನ ಹೊದಿಕೆ

ಮುಧೋಳದ ಹೊರಗಿನ ಯಾರ್ಡಿನಲ್ಲಿ ನಾವು ಸಿದ್ಧ ಕೋಣೆಗಳನ್ನು ಮಾಡುತ್ತೇವೆ. ಒಂದು ಕೋಣೆಯನ್ನು ಎರಡು ಹೋಳಾಗಿ ಕಟ್ಟಿ, ಲಾರಿಯಲ್ಲಿ ಸಾಗಿಸಿ, ಊರಲ್ಲಿ ಜೋಡಿಸುವುದು. ದಾರಿಯಲ್ಲಿ ನೀರು, ಧೂಳು ಹೊಗದಂತೆ ಹೋಳುಗಳಿಗೆ ಬಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗ್ಯಾಸಿನ ಉರಿ ತೋರಿಸಿ ಬಿಗಿಸುವ ಕೆಲಸ ನನ್ನದು. ಉರಿ ದೂರವಾದರೆ ಹಾಳೆ ಜೋಲುತ್ತದೆ, ಹತ್ತಿರವಾದರೆ ತೂತು. ರೊಟ್ಟಿ ಬೇಯಿಸುವಾಗಿನಂತೆ ಕೈ ಆಡುತ್ತಲೇ ಇರಬೇಕು. ಆಗ ಯಾರಾದರೂ ಮಾತಾಡಿಸಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ.

ಹೋದ ಮಳೆಗಾಲಕ್ಕೆ ಮುಂಚೆ ಹೊದಿಸಿದ ಒಂದು ಕೋಣೆ ನನ್ನ ಅಕ್ಕನದು. ಅಂದರೆ, ಬೀಳಗಿ ಕಡೆಯ ಹಳ್ಳಿಯಲ್ಲಿ ಅವಳು ನಡೆಸುವ ಅಂಗನವಾಡಿಯದು. ಹಳೆಯ ಕಟ್ಟಡ ಬಿದ್ದ ಮೇಲೆ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಮಳೆ ಹನಿದರೆ ಅವರನ್ನು ಮನೆಗೆ ಕಳಿಸಬೇಕು. ಅವರ ಅವ್ವ ಅಪ್ಪ ಕಬ್ಬಿನ ಹೊಲದಲ್ಲಿ, ಮನೆಗೆ ಬೀಗ. ಅಂಥ ದಿನ ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ಒಳಗೋಡೆಯ ಹಲಗೆಗೆ ನೀರು ತಾಗಿದರೆ ಉಬ್ಬಿ ಕೆಡುತ್ತದೆ, ಹೊಸದು ಬರುವುದು ಮಳೆಗಾಲ ಕಳೆದ ಮೇಲೆಯೇ. ಅದಕ್ಕೇ ಈ ಎರಡು ಹೋಳುಗಳನ್ನು ಇನ್ನಿಲ್ಲದ ಜತನದಿಂದ ಬಿಗಿದೆ, ಲಾರಿಯ ಜೊತೆ ನಾನೇ ಹೋದೆ.

ಕ್ರೇನು ಹೋಳುಗಳನ್ನು ಇಳಿಸಿತು. ಜೋಡಿಸುವವರು ಮರುದಿನ ಬರಬೇಕು. ನಾನು ಚಹಾ ಕುಡಿಯುತ್ತ ಕೂತಿದ್ದೆ. ಆ ಊರಿಗೆ ಹೊಸ ಸೊಸೆ ಬರಲಿ, ಹೊಸ ಟ್ರ್ಯಾಕ್ಟರ್ ಬರಲಿ, ಆರತಿ ಎತ್ತಲೇಬೇಕು. ಅಕ್ಕ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದು, ಉರಿಯುವ ಕರ್ಪೂರದ ತಟ್ಟೆಯನ್ನು ನನ್ನ ಹೊದಿಕೆಯ ಹತ್ತಿರ ಹತ್ತಿರ ಬೆಳಗಿದ್ದೇ ಬೆಳಗಿದ್ದು. ನಾನು ನೋಡುವಷ್ಟರಲ್ಲಿ ಅಂಗೈಯಗಲದ ತೂತು. ಮೇಲೆ ಮೋಡ ಕಪ್ಪಾಗಿತ್ತು.

"ಏನ ಮಾಡಿದಿ ಬೇ ಅಕ್ಕಾ?"

"ಆರತಿ ಎತ್ತಿನಿ. ಮಕ್ಕಳ ಕ್ವಾಣಿಗೆ ಆರತಿ ಬ್ಯಾಡೇನು?"

"ಇದು ಪ್ಲಾಸ್ಟಿಕ್ ಐತಿ, ಕಲ್ಲಲ್ಲ. ಒಳಗ ನೀರ ಹೊಕ್ರ ನಿನ್ನ ಆರತಿ ತಡೀತೈತೇನು?"

ಅವಳ ಮುಖ ಸಪ್ಪಗಾಯಿತು. "ನನಗ ಗೊತ್ತಾಗಲಿಲ್ಲ" ಅಂದಳು.

"ಕೆಟ್ಟ ಮ್ಯಾಲ ಬುದ್ಧಿ ಬಂತು" ಅಂತ ನಾನು ಇನ್ನೂ ಶುರು ಹಚ್ಚುವವಳಿದ್ದೆ. ಲಾರಿಯ ಡ್ರೈವರ್ ನನ್ನನ್ನು ತಡೆದ.

"ಅಕ್ಕಾರ, ಬೈಯೂದು ಆಮ್ಯಾಲ ಬೈರಿ. ಮೊದಲ ತೂತ ಮುಚ್ರಿ."

ಗ್ಯಾಸಿನ ಉರಿ ಮುಧೋಳದಲ್ಲೇ ಉಳಿದಿತ್ತು. ನನ್ನ ಚೀಲದಲ್ಲಿದ್ದದ್ದು ಟೇಪಿನ ಸುರುಳಿ ಮಾತ್ರ, ಅದು ಧೂಳಿನ ಮೇಲೆ ಹಿಡಿಯುವುದಿಲ್ಲ. ಅಕ್ಕನ ಸೆರಗನ್ನೇ ಎಳೆದು ಆ ಜಾಗ ಒರೆಸಿದೆ. ಅಂಚಿನಲ್ಲಿ ಉಳಿದ ಹಾಳೆ ಕತ್ತರಿಸಿ ತೇಪೆ ಹಚ್ಚಿದೆ. ಅವಳು ಒತ್ತಿ ಹಿಡಿದಳು, ನಾನು ಗೊಣಗುತ್ತ ಟೇಪು ಎಳೆದೆ. ಕೊನೆಯ ಅಂಚು ಕೂರುವಾಗ ಹನಿ ಬಿತ್ತು. ಮರುದಿನ ಮಧ್ಯಾಹ್ನದವರೆಗೂ ಸುರಿಯಿತು. ನಾನು ಹೊತ್ತುಹೊತ್ತಿಗೆ ಹೋಗಿ ತೇಪೆ ನೋಡಿ ಬಂದೆ.

ಮಳೆ ನಿಂತ ಮೇಲೆ ಹೊದಿಕೆ ಬಿಚ್ಚಿದೆವು. ಅಕ್ಕ ಮೊದಲು ಒಳಹೊಕ್ಕು ಗೋಡೆಯ ಮೇಲೆ ಕೈಯಾಡಿಸಿದಳು.

"ಹನಿ ನೀರ ಸೈತ ಹೊಕ್ಕಿಲ್ಲ. ನೋಡು, ಆರತಿ ಎತ್ತಿದ್ದು ಛಲೋ ಆತು."

ಈ ಸಲ ಬೈಯದೆ ನಾನೂ ಗೋಡೆ ಮುಟ್ಟಿ ನೋಡಿದೆ. ಖುಷಿಗೆ ನನ್ನ ಕಣ್ಣು ತುಂಬಿತ್ತು.

ಕೋಣೆ ಜೋಡಿಸಿ ಮಕ್ಕಳು ಒಳಗೆ ಕೂತ ದಿನವೂ ನಾನು ಅಲ್ಲಿದ್ದೆ. ಅವರು ಉಣ್ಣುತ್ತಿದ್ದಾಗ ಮಾಡಿನ ಮೇಲೆ ಮಳೆಯ ಸದ್ದಾಯಿತು. ಅರ್ಧ ಉಂಡ ತಟ್ಟೆ ಬಿಟ್ಟು ಮಕ್ಕಳೆಲ್ಲ ಎದ್ದರು, ಚಪ್ಪಲಿ ಹುಡುಕತೊಡಗಿದರು.

ಅಕ್ಕ ಬಾಗಿಲು ಎಳೆದು ಮುಚ್ಚಿದಳು. "ಕುಂದರ್ರಿ, ಉಣ್ರಿ. ಯಾರೂ ಮನಿಗೆ ಹೋಗೂದಿಲ್ಲ."